ಹಕ್ಕಿಯ ಫೋಟೊ ಮಬ್ಬು ಬಂದಾಗ: ಬಿಸಿಲೂರಿನ ದೋಷ ಪರೀಕ್ಷೆ

ಫೆಬ್ರವರಿ ಕೊನೆಯ ವಾರ, ಬೆಳಿಗ್ಗೆ ಹತ್ತೂವರೆ. ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ, ತೊಗರಿ ಕೊಯ್ದು ರಾಶಿ ಮುಗಿದ ಎರೆಹೊಲದ ಬದುವಿನ ಮೇಲೆ ಕೂತಿದ್ದೆ. ಎಂಬತ್ತು ಮೀಟರ್ ಆಚೆ ಜಾಲಿಗಿಡದ ತುದಿಯಲ್ಲಿ ನೀಲಕಂಠವೊಂದು ಕೂತು ನೆಲ ನೋಡುತ್ತಿತ್ತು. ಟ್ರೈಪಾಡ್ ಗಟ್ಟಿಯಾಗಿ ಊರಿದ್ದೆ. ಶಟರ್ ಸೆಕೆಂಡಿನ 1/2500, ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು) 400, ಫೋಕಸ್ ಚುಕ್ಕೆ ಹಕ್ಕಿಯ ಕಣ್ಣಿನ ಮೇಲೆ. ನಲವತ್ತು ಫ್ರೇಮ್ ಹೊಡೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ನಲವತ್ತರಲ್ಲಿ ಒಂದಕ್ಕೂ ಕಣ್ಣಿಗೆ ಅಂಚಿಲ್ಲ, ರೆಕ್ಕೆಗೆ ಗೆರೆಯಿಲ್ಲ. ಒದ್ದೆ ಕಾಗದದ ಮೇಲೆ ಶಾಯಿ ಹರಿದ ಹಾಗೆ ಬರೀ ನೀಲಿ.

"ಲೆನ್ಸ್ ಹೋಗ್ಯದ ಮಾಮಾ, ಮಾರಿ ಬಿಡ್ರಿ" ಎಂದ ಅಕ್ಕನ ಮಗ. ಮಾರಲಿಲ್ಲ, ಅದಕ್ಕಿಂತ ದಡ್ಡ ಕೆಲಸ ಮಾಡಿದೆ. ನನ್ನ 150-600 ಜೂಮನ್ನು ಡಬ್ಬಿಯಲ್ಲಿ ತುಂಬಿ ದೂರದೂರಿನ ರಿಪೇರಿ ಕೇಂದ್ರಕ್ಕೆ ಕಳಿಸಿದೆ. ಮೂರು ವಾರಕ್ಕೆ ಅದು ಹೋದಂತೆಯೇ ವಾಪಸ್ ಬಂತು, ಜೊತೆಗೆ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ. ಪರೀಕ್ಷೆಯ ಫೀಸು, ಎರಡೂ ಕಡೆಯ ಕೊರಿಯರ್ ಖರ್ಚು ನನ್ನ ತಲೆಗೆ. ಮತ್ತೆ ಅದೇ ಹೊಲಕ್ಕೆ ಹೋದೆ, ಮತ್ತೆ ಅದೇ ಮಬ್ಬು. ಹೊಲದ ಯಜಮಾನರು ಕುಡಿಯಲು ನೀರು ಕೊಟ್ಟು, ಕ್ಯಾಮೆರಾದ ಹಿಂದಿನ ಪರದೆಯನ್ನೊಮ್ಮೆ ಇಣುಕಿ, "ಬಿಸಿಲ್ಗುದುರಿ ಓಡ್ಲಾಕತ್ಯಾವ, ಅದ್ರಾಗ ಹಕ್ಕಿ ಹ್ಯಾಂಗ ಕಾಣ್ತದ್ರೀ?" ಎಂದರು.

ಅವತ್ತಿನಿಂದ ನನ್ನವೂ ಗೆಳೆಯರವೂ ಆದ ಕೆಟ್ಟ ಫೋಟೊಗಳನ್ನು ಮುಂದಿಟ್ಟುಕೊಂಡು ಕಾರಣ ಹುಡುಕುತ್ತ ಬಂದಿದ್ದೇನೆ. ಕೆಳಗಿರುವುದು ಆ ಹುಡುಕಾಟದ ಕ್ರಮ. ಕಲಬುರಗಿ, ಬೀದರ್, ಯಾದಗಿರಿಯ ಬಿಸಿಲಿಗೆ ಹೊಂದಿಸಿ ಬರೆದದ್ದು. ಮಲೆನಾಡಿನವರಿಗೆ ಇದರಲ್ಲಿ ಅರ್ಧ ಬೇಕಾಗಲಿಕ್ಕಿಲ್ಲ.

ಮೊದಲು ಮಬ್ಬಿನ ಜಾತಿ ಹಿಡಿಯಿರಿ

ಫೋಟೊವನ್ನು ಕಂಪ್ಯೂಟರಿನಲ್ಲಿ 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ಮೊಬೈಲಿನಲ್ಲಿ ನೋಡಿ ತೀರ್ಮಾನ ಬೇಡ. ಅದರ ಸಣ್ಣ ಪರದೆಯಲ್ಲಿ ಎಲ್ಲವೂ ಚೆಂದವೇ.

ಹಕ್ಕಿ ಮಬ್ಬು, ಆದರೆ ಅದರ ಮುಂದಿನ ಮುಳ್ಳೋ ಹಿಂದಿನ ಎಲೆಯೋ ಗರಿಗರಿಯಾಗಿದೆ ಎಂದಾದರೆ ಅದು ಫೋಕಸ್ ದೋಷ. ಇಡೀ ಚಿತ್ರದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದು, ಒಂದು ಮುಳ್ಳು ಎರಡಾಗಿ ಕಂಡರೆ ಕೈ ಅಲುಗಿದೆ. ಕಣ್ಣು ಚೂಪಾಗಿದ್ದು ರೆಕ್ಕೆಯ ತುದಿ ಮಾತ್ರ ಉಜ್ಜಿಹೋಗಿದ್ದರೆ ಹಕ್ಕಿ ಅಲುಗಿದೆ, ನೀವಲ್ಲ. ಗರಿಗಳು ಮೇಣ ಸವರಿದಂತೆ ನುಣ್ಣಗಾಗಿದ್ದರೆ ಐಎಸ್‌ಒ ಜಾಸ್ತಿಯಾಗಿ, ಕ್ಯಾಮೆರಾ ಕಾಳುಕಾಳಾದ ಚುಕ್ಕೆಗಳನ್ನು ಒರೆಸಲು ಹೋಗಿ ಗರಿಯನ್ನೂ ಒರೆಸಿದೆ; ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆರೆದರೆ ಗರಿ ಅಲ್ಲೇ ಇರುತ್ತದೆ.

ಇವು ಯಾವುದೂ ಅಲ್ಲ, ಎಲ್ಲೂ ಒಂದು ಚೂಪಾದ ಜಾಗವಿಲ್ಲ, ದಿಕ್ಕೂ ಇಲ್ಲ, ಅಂಚುಗಳನ್ನು ಗೆದ್ದಲು ತಿಂದಂತಿದೆ ಎಂದಾದರೆ ಮುಂದಿನ ಭಾಗ ಓದಿ. ನಮ್ಮ ಕಡೆ ಜನ ಲೆನ್ಸಿಗೆ ಬೈಯುವುದು ಹೆಚ್ಚಾಗಿ ಇಂಥ ಮಬ್ಬಿಗೇ.

ಗಾಳಿ ಕಾದಾಗ

ಎರೆಮಣ್ಣು ಕಪ್ಪು. ಕಪ್ಪಾದ್ದರಿಂದ ಬಿಸಿಲನ್ನು ಹೀರಿಕೊಂಡು ಬೇಗ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ಮೇಲಿನ ತಣ್ಣನೆಯದು ಕೆಳಗಿಳಿಯುತ್ತದೆ. ಬಿಸಿಗಾಳಿ ತೆಳು, ತಂಪುಗಾಳಿ ದಟ್ಟ. ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುವಾಗ ಚೂರುಚೂರು ಬಾಗುತ್ತದೆ. ಟಾರು ರಸ್ತೆಯ ಮೇಲೆ ನೀರು ನಿಂತಂತೆ ಕಾಣುವ ಬಿಸಿಲ್ಗುದುರೆಯೂ ಇದೇ ಸಂಸಾರದ್ದು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಾಗುವಿಕೆಯನ್ನು 600 ಮಿ.ಮೀ. ಲೆನ್ಸು ಹಿಗ್ಗಿಸಿ ತೋರಿಸುತ್ತದೆ. ಶಟರ್ ವೇಗ ಏರಿಸಿದರೆ ಸೊಟ್ಟಾದ ಬೆಳಕು ಸೊಟ್ಟಾಗಿಯೇ ಅಚ್ಚಾಗುತ್ತದೆ, ನೆಟ್ಟಗಾಗುವುದಿಲ್ಲ. ನನ್ನ 1/2500 ಯಾವ ಕೆಲಸಕ್ಕೂ ಬಾರದೆ ಹೋದದ್ದು ಅದಕ್ಕೇ.

ಅನುಮಾನ ಬಂದರೆ ಹತ್ತು ಫ್ರೇಮಿನ ಪರೀಕ್ಷೆ ಮಾಡಿ. ಹಕ್ಕಿ ಕೂತಷ್ಟೇ ದೂರದಲ್ಲಿ ಅಲುಗದ, ಅಕ್ಷರವಿರುವ ಏನಾದರೂ ಹುಡುಕಿ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಎಲ್ಲಕ್ಕಿಂತ ಒಳ್ಳೆಯದು. ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ, ಲೆನ್ಸಿನ ಸ್ಟೆಬಿಲೈಸರ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯ ನೇರ ಚಿತ್ರದಲ್ಲಿ, ಹಿಗ್ಗಿಸಿ ಕೈಯಿಂದ ಫೋಕಸ್ ಕೂಡಿಸಿ, ಆಮೇಲೆ ರಿಂಗ್ ಮುಟ್ಟಬೇಡಿ. ಎರಡು ಸೆಕೆಂಡಿನ ಟೈಮರ್ ಇಟ್ಟು ಹತ್ತು ಹೊಡೆಯಿರಿ.

ನಾನು ಜೇವರ್ಗಿ ರಸ್ತೆಯ ಕಲ್ಲಿನ ಮೇಲೆ ಮಾಡಿದಾಗ ಮೊದಲ ಫ್ರೇಮಿನಲ್ಲಿ ‘ಜೇ’ ನೆಟ್ಟಗಿತ್ತು, ‘ರ್ಗಿ’ ಕರಗಿತ್ತು. ಎರಡನೆಯದರಲ್ಲಿ ಅರ್ಕಾವತ್ತಿನ ಕೊಂಡಿ ಸ್ಪಷ್ಟ, ‘ಜೇ’ಯ ಹೊಟ್ಟೆ ಎರಡು ಕಡೆ ಉಬ್ಬಿತ್ತು. ಐದನೆಯದರಲ್ಲಿ ಹಳದಿ ಪಟ್ಟಿಯ ಅಂಚು ಹಾವಿನಂತೆ ಹರಿದಿತ್ತು. ಲೆನ್ಸಿನ ದೋಷವಾದರೆ ಹತ್ತರಲ್ಲೂ ಒಂದೇ ಥರ ಕೆಡಬೇಕು. ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಕೆಟ್ಟರೆ ಅದು ಗಾಳಿಯ ಕೆಲಸ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಕಲ್ಲಿನಿಂದ ಹತ್ತು ಮೀಟರಿಗೆ ಹೋಗಿ ಮತ್ತೊಮ್ಮೆ ಹೊಡೆಯಿರಿ. ಅಲ್ಲಿ ಅಕ್ಷರ ಗರಿಗರಿ ಬಂದರೆ ಲೆನ್ಸಿನ ಮೇಲಿನ ಕೇಸು ವಜಾ.

ಪರಿಹಾರವೆಂದರೆ ಹತ್ತಿರ ಹೋಗುವುದು, ಇಲ್ಲವೇ ಬೇಗ ಏಳುವುದು. ನಡುವೆ ಎಷ್ಟು ಕಾದ ಗಾಳಿ ಇದೆ ಎಂಬುದೇ ಲೆಕ್ಕ. ಮಾರ್ಚಿನಿಂದ ಮೇವರೆಗೆ ಬಯಲಿನಲ್ಲಿ ನನ್ನ ಅಂಗಡಿ ಎಂಟೂವರೆಗೆ ಬಂದ್. ಸಂಜೆ ಬೆಳಕು ಚೆಂದವೆಂದು ಐದಕ್ಕೆ ಹೋಗುವವರುಂಟು. ನೆಲ ಆಗಲೂ ಕಾದೇ ಇರುತ್ತದೆ, ಸೂರ್ಯ ಇಳಿದಷ್ಟೂ ವಾಸಿ. ಮೋಡದ ದಿನ, ಮಳೆ ಬಿದ್ದ ಮರುದಿನ ಮಾತ್ರ ಹೊತ್ತಿನ ಹಂಗಿಲ್ಲ. ಜುಲೈ, ಆಗಸ್ಟಿನಲ್ಲಿ ಚಿಂಚೋಳಿ ಕಡೆ ಮಧ್ಯಾಹ್ನ ಎರಡಕ್ಕೂ ಚೂಪಾದ ಫೋಟೊ ತೆಗೆದಿದ್ದೇನೆ. ಹಾಂ, ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ಒಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಕ್ಯಾಮೆರಾ ಆಮೇಲೆ.

ನೆಲದ ಹಕ್ಕಿಯನ್ನು ಅದರ ಕಣ್ಣಿನ ಮಟ್ಟಕ್ಕೆ ಮಲಗಿ ಹೊಡೆಯಿರಿ ಎಂದು ಎಲ್ಲರೂ ಕಲಿಸುತ್ತಾರೆ. ಸರಿಯಾದ ಪಾಠವೇ. ಆದರೆ ಗಾಳಿ ಅತಿ ಹೆಚ್ಚು ಕುದಿಯುವುದು ನೆಲದಿಂದ ಮೊಳದೆತ್ತರದಲ್ಲಿ. ಬೀದರಿನ ಹುಲ್ಲುಬಯಲಲ್ಲಿ ನೆಲಗುಬ್ಬಿಗಾಗಿ ಹತ್ತು ಗಂಟೆಗೆ ಹೊಟ್ಟೆ ಮೇಲೆ ಮಲಗಿದಿರೋ, ಮೊಣಕೈ ತರಚುವುದೂ ದಂಡ, ಕಾರ್ಡೂ ದಂಡ. ಆ ಹೊತ್ತಿಗೆ ಎದ್ದು ನಿಂತು, ಸಾಧ್ಯವಾದರೆ ಬದುವೋ ಬಂಡೆಯೋ ಹತ್ತಿ ಹೊಡೆದರೆ ಚಿತ್ರದ ಸೊಗಸು ಸ್ವಲ್ಪ ತಗ್ಗೀತು, ಗರಿ ಸಿಕ್ಕುತ್ತದೆ.

ಕಾರಿನಿಂದ ಹೊಡೆಯುವವರಿಗೆ ಬೇರೆ ಕಾಟ. ಒಳಗೆ ಎಸಿ, ಹೊರಗೆ ನಲವತ್ತು ಡಿಗ್ರಿ. ಕಿಟಕಿ ಇಳಿಸಿದ ಕೂಡಲೇ ತಂಪುಗಾಳಿ ಲೆನ್ಸಿನ ಮೂಗಿನ ಮುಂದೆಯೇ ಬಿಸಿಗಾಳಿಗೆ ಕಲೆಯುತ್ತದೆ; ಹತ್ತು ಮೀಟರ್ ದೂರದ ಹಕ್ಕಿಯೂ ಆಗ ಮಬ್ಬು. ಜಾಗ ತಲುಪುವ ಕಾಲು ಗಂಟೆ ಮೊದಲೇ ಎಸಿ ಬಂದ್ ಮಾಡಿ ಗಾಜು ಇಳಿಸಿ. ಬಾನೆಟ್ಟಿನ ಮೇಲಿಂದ ಹಾಯಿಸಿ ಹೊಡೆಯಬೇಡಿ, ಅದು ಕಾದ ಹೆಂಚು. ಕಪ್ಪು ಲೆನ್ಸನ್ನು ಬಿಸಿಲಲ್ಲಿ ಇಟ್ಟು ಕಾಯುವಾಗ ಮೇಲೊಂದು ಬಿಳಿ ಟವೆಲ್ ಹೊದಿಸಿ.

ಇಷ್ಟೆಲ್ಲ ಕೇಳಿ ಇದು ಬೇಸಿಗೆಯ ದೋಷ ಎಂದುಕೊಳ್ಳಬೇಡಿ. ಡಿಸೆಂಬರಿನಲ್ಲಿ ಸುರಪುರದ ಹತ್ತಿರದ ಬೋನಾಳ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಹೋಗಿದ್ದೆವು. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಮುಂಜಾನೆ ಏಳು ಗಂಟೆ, ಸ್ವೆಟರ್ ಹಾಕಿದ್ದೆವು, ಆದರೂ ನೂರಿಪ್ಪತ್ತು ಮೀಟರ್ ದೂರದ ಬಾತುಗಳ ತಲೆಪಟ್ಟೆಗಳು ಕಲಸಿಹೋದವು. ರಾತ್ರಿಯೆಲ್ಲ ಗಾಳಿ ತಣ್ಣಗಾಗಿತ್ತು, ನೀರು ಅಷ್ಟು ತಣ್ಣಗಾಗಿರಲಿಲ್ಲ. ಕೆರೆಯ ಮೇಲೆ ಎದ್ದ ಆವಿಯೇ ಅದಕ್ಕೆ ಸಾಕ್ಷಿ. ಗಾಳಿಗೂ ನೆಲಕ್ಕೂ, ಗಾಳಿಗೂ ನೀರಿಗೂ ತಾಪದ ಅಂತರವಿದ್ದರೆ ಸಾಕು, ಸೆಕೆಯೇ ಬೇಕಾಗಿಲ್ಲ. ಅವತ್ತು ಒಂದು ಗಂಟೆ ಚಹಾ ಕುಡಿಯುತ್ತ ಕೂತೆವು, ಎಂಟೂಕಾಲಕ್ಕೆ ಪಟ್ಟೆಗಳು ಬಿಡಿಯಾದವು. ಒಂಬತ್ತೂವರೆಗೆ ದಡದ ಮಣ್ಣು ಕಾದು ಮತ್ತೆ ಕಲಸಿದವು. ಬೋನಾಳದಲ್ಲಿ ನಮಗೆ ಸಿಕ್ಕಿದ್ದು ಅಷ್ಟೇ ಹೊತ್ತು.

ಶಹಾಬಾದ್ ಕಲ್ಲಿನ ಮೇಲೆ ಫೋಕಸ್ ಪರೀಕ್ಷೆ

ಗಾಳಿಯ ತಪ್ಪಲ್ಲ ಎಂದು ಖಾತ್ರಿಯಾದ ಮೇಲೆ ಫೋಕಸ್ ನೋಡಿ. ಮೊಟ್ಟಮೊದಲು ಲೆನ್ಸಿನ ಮುಂದೆ ತಿರುಗಿಸಿದ ಅಗ್ಗದ ಯುವಿ ಫಿಲ್ಟರ್ ಬಿಚ್ಚಿ. ಉದ್ದ ಲೆನ್ಸಿಗೆ ಅದು ಕನ್ನಡಕದ ಮೇಲೆ ಕನ್ನಡಕ. ಗೆಳೆಯರೊಬ್ಬರ ಮೂರು ತಿಂಗಳ ಕೊರಗು ಅದನ್ನು ಬಿಚ್ಚಿದ ಅರ್ಧ ನಿಮಿಷಕ್ಕೆ ತೀರಿತು.

ಆಮೇಲೆ ಮನೆಯಂಗಳದ ಫರಸಿಯೇ ಪ್ರಯೋಗಶಾಲೆ. ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಸಂದುಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತವೆ. ಮುಂಜಾನೆ ಕಲ್ಲು ತಣ್ಣಗಿರುವಾಗ ಐದು ಕಡ್ಡಿಪೆಟ್ಟಿಗೆಗಳನ್ನು ಮುಂದಕ್ಕೂ ಹಿಂದಕ್ಕೂ ಓರೆಸಾಲಾಗಿ, ಒಂದಕ್ಕೊಂದು ಎರಡೆರಡು ಬೆರಳು ಅಂತರದಲ್ಲಿ ನಿಲ್ಲಿಸಿ. ಎಂಟು ಹತ್ತು ಮೀಟರ್ ದೂರದಿಂದ, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಒಂದೇ ಫೋಕಸ್ ಚುಕ್ಕೆಯನ್ನು ನಡುವಿನ ಪೆಟ್ಟಿಗೆಯ ಮೇಲಿಟ್ಟು ಹೊಡೆಯಿರಿ. ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿದು, ಆರೇಳು ಸಲ. ಪ್ರತಿ ಸಲವೂ ಮುಂದಿನ ಪೆಟ್ಟಿಗೆಯೇ ಚೂಪಾಗಿ ಬಂದರೆ ಫೋಕಸ್ ಮುಂದೆ ಬೀಳುತ್ತಿದೆ, ಹಿಂದಿನದಾದರೆ ಹಿಂದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಇದಕ್ಕೆ ಮೆನುವಿನಲ್ಲೇ ಮದ್ದಿದೆ: ನಿಕಾನ್‌ನಲ್ಲಿ ಎಎಫ್ (ಆಟೊ ಫೋಕಸ್) ಫೈನ್ ಟ್ಯೂನ್, ಕ್ಯಾನನ್‌ನಲ್ಲಿ ಎಎಫ್ ಮೈಕ್ರೊ ಅಡ್ಜಸ್ಟ್‌ಮೆಂಟ್, ತೀರಾ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾ ಸೆನ್ಸರಿನಲ್ಲೇ ಫೋಕಸ್ ಅಳೆಯುವುದರಿಂದ ಈ ಬಗೆಯ ದೋಷ ಅಲ್ಲಿ ವಿರಳ.

ಪೆಟ್ಟಿಗೆಗಳು ಸರಿಯಾಗಿ ಬಂದು ಹೊಲದಲ್ಲಿ ಮಾತ್ರ ತಪ್ಪುತ್ತಿದೆಯೆಂದರೆ ಬಳ್ಳಾರಿ ಜಾಲಿಯನ್ನು ಅನುಮಾನಿಸಿ. ಕ್ಯಾಮೆರಾಕ್ಕೆ ಹಕ್ಕಿಗಿಂತ ಮುಳ್ಳಿನ ಮೇಲೆ ಪ್ರೀತಿ ಜಾಸ್ತಿ, ಏಕೆಂದರೆ ಅದು ಹತ್ತಿರವೂ ಇದೆ, ಗೆರೆಯೂ ಗಟ್ಟಿಯಾಗಿದೆ. ಫೋಕಸಿನ ಅಗಲ ಕ್ಷೇತ್ರ ಬಿಟ್ಟು ಒಂಟಿ ಚುಕ್ಕೆಗೆ ಬನ್ನಿ. ಲೆನ್ಸಿನ ಮೈಮೇಲೆ ಫೋಕಸ್ ಮಿತಿಯ ಸ್ವಿಚ್ ಇದ್ದರೆ ಅದು ಯಾವ ಕಡೆಗಿದೆ ನೋಡಿ. ದೂರಕ್ಕೆ ಮಾತ್ರ ಎಂದು ಇಟ್ಟು ಮರೆತು, ಹತ್ತಿರ ಕೂತ ಗೀಜಗಕ್ಕೆ ಫೋಕಸ್ ಹಿಡಿಯುತ್ತಿಲ್ಲವೆಂದು ಪೇಚಾಡಿದವರಲ್ಲಿ ನಾನೂ ಒಬ್ಬ.

ಅಲುಗಾಟ

ಹಳೆಯ ಲೆಕ್ಕ ಗೊತ್ತಿರುವುದೇ: ಲೆನ್ಸಿನ ಮಿ.ಮೀ. ಎಷ್ಟೋ ಶಟರ್ ವೇಗ ಕಡಿಮೆಯೆಂದರೆ ಸೆಕೆಂಡಿನ ಅಷ್ಟರಲ್ಲೊಂದು ಪಾಲು. ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 1.5 ಅಥವಾ 1.6ರಿಂದ ಗುಣಿಸಿ, 600ಕ್ಕೆ ಸುಮಾರು 1/1000. ಅದು ಕೂತ ಹಕ್ಕಿಗೆ. ಕಳ್ಳಿಪೀರ ತಂತಿಯಿಂದ ಜಿಗಿದು ಜೇನ್ನೊಣ ಹಿಡಿಯುವುದಕ್ಕೆ 1/3200 ಬೇಕು, ಕೆಲವೊಮ್ಮೆ ಅದೂ ಸಾಲದು. ಕಳ್ಳಿಪೀರದ ಒಂದು ಉಪಕಾರವೆಂದರೆ ಬೇಟೆ ಹಿಡಿದು ಹೆಚ್ಚಾಗಿ ಅದೇ ಕೊಂಬೆಗೆ ವಾಪಸ್ ಬರುತ್ತದೆ. ಕೊಂಬೆಯ ಮೇಲೆ ಫೋಕಸ್ ಕೂಡಿಸಿ ಕಾಯಬಹುದು. ಅದು ಗೂಡು ತೋಡುವುದು ಹಳ್ಳದ ಮಣ್ಣುದಿಬ್ಬದಲ್ಲಿ. ಬಿಲದ ಬಾಯಿಗೆ ಎದುರಾಗಿ ಕೂತರೆ ಬಾಯಲ್ಲಿ ಹುಳ ಹಿಡಿದೇ ಸುತ್ತುತ್ತದೆ, ಒಳಗೆ ಹೋಗುವುದಿಲ್ಲ. ಅದನ್ನು ಕಂಡ ಕೂಡಲೇ ಎದ್ದು ಬರಬೇಕು, ಫೋಟೊ ಸಿಗಲಿ ಬಿಡಲಿ.

ಹಾರುವ ಕಾಜಾಣದ ರೆಕ್ಕೆ ಬಾಳೆಎಲೆಯಂತೆ ಬಾಗಿ ಬಂದರೆ ಸೈಲೆಂಟ್ ಮೋಡಿನಲ್ಲಿದ್ದೀರಿ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಅಷ್ಟರಲ್ಲಿ ರೆಕ್ಕೆ ಸರಿದಿರುತ್ತದೆ. ಮೆಕ್ಯಾನಿಕಲ್‌ಗೆ ಬದಲಿಸಿ.

ಹುಳುಗಳ ಹತ್ತಿರ ಹೋದಾಗ

ಮ್ಯಾಕ್ರೊದಲ್ಲಿ, ಅಂದರೆ ತೀರಾ ಹತ್ತಿರದಿಂದ ಹೊಡೆಯುವಾಗ, ಗಾಳಿಯ ಝಳ ಲೆಕ್ಕಕ್ಕಿಲ್ಲ, ಬೀಸುಗಾಳಿಯದೇ ಕಾಟ. ಜೋಳದ ಗರಿಯ ಮೇಲೆ ಕೂತ ಸೂರ್ಯನಕುದುರೆಯ ಒಂದು ಕಣ್ಣು ಚೂಪು, ಇನ್ನೊಂದು ಕಣ್ಣು ಹೊಗೆ. ಇದನ್ನು ದೋಷವೆಂದು ತೋರಿಸಲು ತರುವವರೇ ಜಾಸ್ತಿ. ಇದು ದೋಷವಲ್ಲ, ಲೆಕ್ಕ. ನಿಜಗಾತ್ರದಲ್ಲಿ, ಅಂದರೆ 1:1ರಲ್ಲಿ, ಎಫ್/8 ಇಟ್ಟರೂ ಚೂಪಾಗಿ ಬರುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಹಾಗಾದರೆ ಕಿಂಡಿ ಇನ್ನೂ ಕಿರಿದು ಮಾಡಿ ಎಫ್/22ಕ್ಕೆ ಹೋಗೋಣ ಎಂದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. 1:1ರಲ್ಲಿ ಅಪರ್ಚರಿನ ನಿಜವಾದ ಪರಿಣಾಮ ಸಂಖ್ಯೆಯ ಇಮ್ಮಡಿ; ಎಫ್/16 ಎಂದು ಬರೆದದ್ದು ಎಫ್/32ರಂತೆ ನಡೆಯುತ್ತದೆ, ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಬಿಡುತ್ತದೆ. ಎಫ್/8ರಿಂದ 11ರೊಳಗೆ ಇರಿ, ಎರಡೂ ಕಣ್ಣು ಸೆನ್ಸರಿಗೆ ಸಮಾನಾಂತರ ಬರುವಂತೆ ನೀವೇ ಸರಿಯಿರಿ. ಆಟೊ ಫೋಕಸ್ ಗಿರ್ ಗಿರ್ ಎಂದು ಹುಡುಕಾಡುತ್ತಿದ್ದರೆ ಬಂದ್ ಮಾಡಿ, ರಿಂಗನ್ನು ಒಂದು ಕಡೆ ನಿಲ್ಲಿಸಿ, ಉಸಿರು ಬಿಡುತ್ತ ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ವಾಲಿಸಿ ಐದಾರು ಹೊಡೆಯಿರಿ. ಒಂದಾದರೂ ಕೂಡುತ್ತದೆ.

ಫ್ಲ್ಯಾಷ್ ಹಾಕಿದಾಗ ಜೀರುಂಡೆಯ ಬೆನ್ನ ಮೇಲೆ ಸುಟ್ಟ ಬಿಳಿ ಚುಕ್ಕೆ ಬಂದರೆ ಬೆಳಕಿನ ಮೂಲ ಸಣ್ಣದಾಗಿದೆ. ಹೊಸ ಟಿವಿಗೆ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಎರಡು ಪದರ ಮಾಡಿ ಫ್ಲ್ಯಾಷಿನ ಮುಂದೆ ಕಟ್ಟಿ. ನಾಲ್ಕು ವರ್ಷದಿಂದ ನನ್ನದು ಅದೇ. ಹಿನ್ನೆಲೆ ಕಪ್ಪಾಗಿ ಹಗಲೇ ರಾತ್ರಿಯಾದರೆ, ಫ್ಲ್ಯಾಷಿನ ಬೆಳಕು ಹುಳಕ್ಕೆ ತಾಗಿ ಹಿಂದಿನವರೆಗೆ ಮುಟ್ಟಿಲ್ಲ ಎಂದರ್ಥ. ಹುಳದ ಹಿಂದೆ ಹತ್ತಿರವೇ ಒಂದು ಎಲೆ ಬರುವಂತೆ ಕೋನ ಬದಲಿಸಿ.

ಒಂದು ದೋಷ ನನ್ನನ್ನು ಎರಡು ಮಳೆಗಾಲ ಕಾಡಿಸಿತು. ಮೊದಲ ಮಳೆಗೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ ಹುಳ, ಕಣ್ಣಿಗೆ ರೋಮರೋಮವೂ ಕಾಣುವಂಥದ್ದು, ಫೋಟೊದಲ್ಲಿ ಕುಂಕುಮದ ಬೊಟ್ಟಿನಂತೆ ಚಪ್ಪಟೆ ಬರುತ್ತಿತ್ತು. ಫೋಕಸ್ ಸರಿ, ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಸರಿ. ಕೊನೆಗೆ ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ತೆಗೆದೆ. ಕೆಂಪು ಒಂದೇ ಬಲಗೋಡೆಗೆ ಹೋಗಿ ಅಪ್ಪಳಿಸಿತ್ತು, ಉಳಿದೆರಡು ಕೆಳಗಿದ್ದುದರಿಂದ ಒಟ್ಟು ಲೆಕ್ಕದಲ್ಲಿ ತಪ್ಪು ಕಾಣುತ್ತಿರಲಿಲ್ಲ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿದೆ, ಅಂದರೆ ಬೆಳಕು ಅರ್ಧ ಮಾಡಿದೆ, ರೋಮ ಎದ್ದು ನಿಂತಿತು. (ಎಂಟು ಕಾಲಿರುವುದರಿಂದ ಅದು ಕೀಟವಲ್ಲ, ಜೇಡ ಉಣ್ಣೆಗಳ ಬಳಗ. ನಮ್ಮ ಕಡೆ ಹರಿದಾಡುವುದೆಲ್ಲ ಹುಳವೇ.)

ಬೆಳ್ಳಕ್ಕಿ ಸುಣ್ಣದ ಗೋಡೆಯಂತೆ ಬಂದರೂ ಔಷಧಿ ಇದೇ, ಮೈನಸ್ 0.7ರಿಂದ 1 ಸ್ಟಾಪ್. ಬಾನಿನ ಎದುರು ಕೂತ ಕಾಜಾಣ ಇದ್ದಿಲಾದರೆ ಪ್ಲಸ್ 1, 1.5.

ಕೂಲರ್ ರೂಮು ಮತ್ತು ರಾಶಿಯ ದೂಳು

ಚಿತ್ರವೆಲ್ಲ ಹಾಲಿನ ತೆರೆ ಹೊದ್ದಂತೆ ಮಂಕಾಗಿದ್ದು, ಬಿಸಿಲಿಗೆ ಎದುರಾದಾಗ ಇನ್ನೂ ಮಂಕಾದರೆ, ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಬೂಸು. ಇಷ್ಟು ಒಣ ಊರಲ್ಲಿ ಬೂಸೆಲ್ಲಿಂದ ಎಂದು ಕೇಳಬೇಡಿ. ಏಪ್ರಿಲ್, ಮೇನಲ್ಲಿ ನಾವೆಲ್ಲ ಮಲಗುವುದು ನೀರಿನ ಕೂಲರ್ ಮುಂದೆ. ಇಡೀ ರಾತ್ರಿ ಅದು ರೂಮಿಗೆ ತೇವ ತುಂಬುತ್ತದೆ, ಕ್ಯಾಮೆರಾ ಬ್ಯಾಗು ಅದೇ ರೂಮಿನ ಮೂಲೆಯಲ್ಲಿ. ಬ್ಯಾಗನ್ನು ಬೇರೆ ಕೋಣೆಗೆ ದಾಟಿಸಿ, ಲೆನ್ಸನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಅದರ ಹಿಟ್ಟು ಜೂಮಿನ ಸಂದಿಗೆ ಸೇರುತ್ತದೆ.

ಬಾನಿನಲ್ಲಿ ಮಸುಕಾದ ಕಪ್ಪು ಚುಕ್ಕೆಗಳು ಪ್ರತಿ ಫ್ರೇಮಿನಲ್ಲೂ ಒಂದೇ ಜಾಗದಲ್ಲಿದ್ದರೆ ಅದು ಸೆನ್ಸರಿನ ಮೇಲಿನ ದೂಳು. ಎಫ್/22 ಇಟ್ಟು, ಫೋಕಸ್ ಕೆಡಿಸಿ, ಖಾಲಿ ಬಾನಿನ ಒಂದು ಫೋಟೊ ತೆಗೆದರೆ ಎಲ್ಲವೂ ಬಯಲಾಗುತ್ತವೆ. ತೊಗರಿ ರಾಶಿ ನಡೆಯುವಾಗ, ಸೇಡಂ, ವಾಡಿ ಕಡೆಯ ಸಿಮೆಂಟ್ ದೂಳಿನಲ್ಲಿ ಲೆನ್ಸ್ ಬದಲಿಸಿದವರಿಗೆ ಇದು ತಪ್ಪಿದ್ದಲ್ಲ. ಕೈಪಂಪಿನಿಂದ ಊದಿ. ಬಾಯಿಂದ ಊದಿದರೆ ದೂಳಿನ ಜೊತೆ ಎಂಜಲೂ ಸೇರುತ್ತದೆ.

ನಿಜಕ್ಕೂ ಲೆನ್ಸಿನದೇ ತಪ್ಪಾದರೆ

ಆಗುವುದುಂಟು, ಬೈಕಿನ ಹಿಂದೆ ಬ್ಯಾಗು ಕುಣಿಸಿಕೊಂಡು ಹೋಗುವ ನಮ್ಮಂಥವರಿಗೆ ಖಂಡಿತ ಉಂಟು. ಮುಂಜಾನೆ ಆರೂವರೆಗೆ ದೂರದ ಕಟ್ಟಡವೊಂದರ ಚಪ್ಪಟೆ ಗೋಡೆಯನ್ನು ಎದುರಾಎದುರು ನಿಂತು ಹೊಡೆಯಿರಿ. ಎಡ ಅಂಚು ಚೂಪು, ಬಲ ಅಂಚು ಮಬ್ಬು ಬಂದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೊಂದು ಹೊಡೆಯಿರಿ. ಮಬ್ಬು ಗೋಡೆಯ ಅದೇ ಭಾಗದಲ್ಲಿ ಉಳಿದರೆ ನೀವು ಓರೆಯಾಗಿ ನಿಂತಿದ್ದೀರಿ. ಫ್ರೇಮಿನ ಅದೇ ಬದಿಗೆ ಅಂಟಿಕೊಂಡು ಬಂದರೆ ಒಳಗಿನ ಗಾಜೊಂದು ಜಾಗ ತಪ್ಪಿದೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ, ರಿಪೇರಿಗೇ ಕಳಿಸಿ. ಕಳಿಸುವಾಗ ‘ಫೋಟೊ ಸರಿ ಬರುತ್ತಿಲ್ಲ’ ಎಂದು ನನ್ನ ಹಾಗೆ ಒಂದು ಸಾಲು ಬರೆದು ಸುಮ್ಮನಾಗಬೇಡಿ. ಆ ಎರಡು ಗೋಡೆಯ ಫೋಟೊ, ಕಡ್ಡಿಪೆಟ್ಟಿಗೆಯ ಆರು ಫ್ರೇಮು, ಕಿಲೋಮೀಟರ್ ಕಲ್ಲಿನ ಹತ್ತು ಫ್ರೇಮು ಒಂದು ಪೆನ್‌ಡ್ರೈವಿಗೆ ಹಾಕಿ, ಯಾವುದನ್ನು ಎಷ್ಟು ಗಂಟೆಗೆ, ಎಷ್ಟು ದೂರದಿಂದ ತೆಗೆದದ್ದೆಂದು ಚೀಟಿಯಲ್ಲಿ ಬರೆದು, ಲೆನ್ಸಿನ ಡಬ್ಬಿಯೊಳಗೇ ಇಟ್ಟು ಟೇಪ್ ಸುತ್ತಿ.